‘ಹಿರಿಯರು’ ಎಂದರೆ ಏನೆಂದು ಕೋರ್ಟು ಕೇಳಿತು

ದುಭಾಷಿ ಕೆಲಸಕ್ಕೆ ಹೊಸದಾಗಿ ಬಂದವರು ನನಗೆ ಫೋನ್ ಮಾಡಿದರೆ ಮೊದಲು ಕೇಳುವುದು ಒಂದೇ ಪ್ರಶ್ನೆ: ಕಾನೂನಿನ ಪದಗಳನ್ನೆಲ್ಲ ಬಾಯಿಪಾಠ ಮಾಡಬೇಕೇ? ಮಾಡಿ, ಒಳ್ಳೆಯದೇ. ಆದರೆ ಮ್ಯೂನಿಕ್‌ನ ಕೋರ್ಟು ಕಚೇರಿಗಳಲ್ಲಿ ಕನ್ನಡಕ್ಕೂ ಜರ್ಮನ್‌ಗೂ ನಡುವೆ ಕೂತು ಕೂದಲು ಬೆಳ್ಳಗಾಗುವವರೆಗೆ ದುಡಿದ ನನ್ನನ್ನು ಕಂಗೆಡಿಸಿದ್ದು ಕಾನೂನಿನ ಪದ ಒಂದೂ ಅಲ್ಲ. ಅವಕ್ಕೆಲ್ಲ ನಿಘಂಟು ಇದೆ. ನನ್ನನ್ನು ಎಡವಿಸಿದ್ದೆಲ್ಲ ಮನೆಯಲ್ಲಿ ದಿನಾ ಆಡುವ, ಅರ್ಥ ಹುಡುಕಬೇಕೆಂದು ಯಾರಿಗೂ ಅನ್ನಿಸದ ಪದಗಳು.

ಮೊದಲು ಎಡವಿದ್ದು ‘ನೋಡೋಣ’ದಲ್ಲಿ. ಮನೆ ಮಾಲೀಕನಿಗೂ ನಮ್ಮ ತುಮಕೂರಿನ ಬಾಡಿಗೆದಾರನಿಗೂ ಜಗಳ. ಮಾಲೀಕ ಒಂದು ರಾಜಿ ಸೂತ್ರ ಮುಂದಿಟ್ಟ. ಒಪ್ಪುತ್ತೀರಾ ಎಂದು ನ್ಯಾಯಾಧೀಶರು ಕೇಳಿದರು. ನಮ್ಮವನು “ನೋಡೋಣ” ಎಂದ. ನಾನು ಅದನ್ನು ಪದಕ್ಕೆ ಪದ ಇಳಿಸಿದೆ. ಜರ್ಮನ್ನರು ನೋಡೋಣ ಎಂದರೆ ನಿಜವಾಗಿಯೂ ನೋಡುತ್ತಾರೆ. ರಾಜಿಗೆ ಇನ್ನೊಂದು ದಿನ ನಿಗದಿಯಾಯಿತು, ಮಾಲೀಕ ರಜೆ ಹಾಕಿ ಬಂದ, ವಕೀಲರು ಬಂದರು. ಬಾಡಿಗೆದಾರ ಮಾತ್ರ ಕಣ್ಣರಳಿಸಿ, “ಆವತ್ತೇ ಆಗಲ್ಲ ಅಂದೆನಲ್ಲ ಮೇಡಂ” ಎಂದ.

ನ್ಯಾಯಾಧೀಶರು ನಿವೃತ್ತಿಯ ಅಂಚಿನಲ್ಲಿದ್ದ ಸಿಡುಕು ಮನುಷ್ಯ. ಎಲ್ಲರ ಮುಂದೆ ನನಗೆ ನೀರಿಳಿಸಿದರು. “ಒಂದು ಮಾತಿಗೆ ಎರಡು ಅರ್ಥ ಇದ್ದರೆ ಎರಡನ್ನೂ ನನ್ನ ಮೇಜಿನ ಮೇಲಿಡಿ. ಆರಿಸುವುದು ನನ್ನ ಕೆಲಸ, ನಿಮ್ಮದಲ್ಲ” ಎಂದರು. ಕಣ್ಣಲ್ಲಿ ನೀರು ಬಂತು. ಆದರೆ ನನಗೆ ಈ ಕೆಲಸ ಕಲಿಸಿದವರು ಅವರೇ.

ಇನ್ನೊಂದು ಸಂಗತಿಗೆ ನೀವು ಮನಸ್ಸನ್ನು ಗಟ್ಟಿ ಮಾಡಿಕೊಂಡೇ ಬರಬೇಕು. ನಾವು ‘ಅವನು ಹೀಗಂದ’ ಎಂದು ಹೇಳುವಂತಿಲ್ಲ. ಅವನು ‘ನಾನು’ ಎಂದರೆ ನಾವೂ ‘ನಾನು’ ಎನ್ನಬೇಕು. ನನ್ನ ಮೊದಲ ವರ್ಷ ಒಂದು ಸಂಸಾರದ ಕೇಸಿನಲ್ಲಿ ಗಂಡ ತಣ್ಣಗೆ, “ಹೌದು, ನಾನು ಅವಳಿಗೆ ಹೊಡೆದೆ, ನಾನು ಹೊಡೀದೆ ಇನ್ಯಾರು ಹೊಡೀಬೇಕು” ಎಂದ. ಆ ಹೆಂಗಸಿನ ಮುಖ ನೋಡುತ್ತಾ ಅದನ್ನು ನನ್ನ ಬಾಯಿಂದ, ನನ್ನ ದನಿಯಲ್ಲಿ ಹೇಳಿದೆ. ಮನೆಗೆ ಬಂದು ಅನ್ನ ಕಲಸಿ ಕೂತವಳಿಗೆ ತುತ್ತು ಇಳಿಯಲಿಲ್ಲ. ನನ್ನ ಯಜಮಾನರು ಏನಾಯ್ತೆಂದು ಕೇಳಿದರು. ಹೇಳುವಂತಿರಲಿಲ್ಲ, ಗುಟ್ಟು ಕಾಯುವುದೂ ನಮ್ಮ ಪ್ರಮಾಣದಲ್ಲಿ ಸೇರಿದೆ.

ಆಮೇಲೆ ಕಾಲ ಬದಲಾಯಿತು. ಪೆನ್ಸಿಲ್ಲು, ಉದ್ದನೆಯ ನೋಟ್‌ಪ್ಯಾಡ್ ಹಿಡಿದು ಯು-ಬಾನ್ ಮೆಟ್ರೋದಲ್ಲಿ ಓಡುತ್ತಿದ್ದವಳು ಅಡುಗೆಮನೆಯ ಮೇಜಿನ ಮುಂದೆಯೇ ವಿಡಿಯೋದಲ್ಲಿ ವಿಚಾರಣೆಗೆ ಕೂರುವಂತಾಯಿತು. ಅದರ ಹಿಂದೆಯೇ ಅನುವಾದ ಮಾಡುವ ಯಂತ್ರಗಳು ಬಂದವು. ಇನ್ನು ನಿಮ್ಮಂಥವರು ಯಾಕೆ ಎಂದು ಕಿಚಾಯಿಸಿದ ವಕೀಲರಿಗೆ ಲೆಕ್ಕವಿಲ್ಲ. ಯಂತ್ರಗಳ ಬಗ್ಗೆ ನನಗೆ ಸಿಟ್ಟೇನೂ ಇಲ್ಲ. ಆದರೆ ನಮ್ಮ ಬಹುವಚನ ಅವಕ್ಕೆ ಅರ್ಥವಾಗುವುದಿಲ್ಲ, ಅದು ಎಷ್ಟು ದುಬಾರಿಯೆಂದು ಮುಂದೆ ಹೇಳುತ್ತೇನೆ.

ಹೇಳಬೇಕೆಂದೇ ಕೂತಿರುವ ಕೇಸು ನನ್ನ ನಿವೃತ್ತಿಗೆ ಸ್ವಲ್ಪ ಮುಂಚೆ ಬಂದದ್ದು. ವಿಚಾರಣೆ ತೆರೆದ ಬಾಗಿಲಲ್ಲೇ ನಡೆದಿತ್ತು, ಆದರೂ ಬರೆಯುವ ಮೊದಲು ಕೇಸು ಹಾಕಿದವರನ್ನು ಕೇಳಿದೆ. “ಬರೀರಿ ಮೇಡಂ, ನಮ್ಮವರು ಓದ್ಲಿ” ಎಂದರು. ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ.

ಅವರನ್ನು ನಾಗಭೂಷಣ ಎನ್ನೋಣ. ಮೈಸೂರಿನವರು, ಐವತ್ತೆಂಟು ವರ್ಷ, ವಾಹನಗಳ ಸಾಫ್ಟ್‌ವೇರ್ ಪರೀಕ್ಷಿಸುವ ಎಂಜಿನಿಯರ್. ಅವರಿದ್ದ ಹಳೆಯ ವಿಭಾಗವನ್ನು ಕಂಪನಿ ಮುಚ್ಚುತ್ತಿತ್ತು. ಹೊಸದೊಂದು ತಂಡ ಕಟ್ಟುತ್ತಿದ್ದರು. ಅದರಲ್ಲಿ ಜಾಗ ಸಿಕ್ಕಿದವರು ಉಳಿಯುತ್ತಾರೆ, ಸಿಗದವರ ಕೈಗೆ ಒಂದಿಷ್ಟು ಕೊಟ್ಟು ಮನೆಗೆ ಕಳಿಸುತ್ತಾರೆ. ಪಿಂಚಣಿ ಬರಲು ಇನ್ನೂ ಒಂಬತ್ತು ವರ್ಷ ಇತ್ತು. ಐವತ್ತೆಂಟರಲ್ಲಿ ಕೆಲಸ ಕಳೆದುಕೊಂಡವನನ್ನು ಈ ಊರಿನಲ್ಲಿ ಯಾರು ಒಳಗೆ ಕರೆಯುತ್ತಾರೆಂದು ಅವರಿಗೂ ಗೊತ್ತಿತ್ತು, ಇಲ್ಲಿ ಬಾಡಿಗೆ ಕಟ್ಟುವ ಎಲ್ಲರಿಗೂ ಗೊತ್ತು. ಹೊಸ ತಂಡಕ್ಕೆ ಅರ್ಜಿ ಹಾಕಿದರು. ಆಯ್ಕೆಯಾಗಿಲ್ಲ ಎಂದು ಇಮೇಲ್ ಬಂತು. ಕಾರಣ ಬರೆದಿರಲಿಲ್ಲ.

ವಯಸ್ಸಿನ ಕಾರಣಕ್ಕೆ ಕೆಲಸ ನಿರಾಕರಿಸಿದರೆ ಇಲ್ಲಿ ಪರಿಹಾರ ಕೇಳಬಹುದು. ನಿರಾಕರಣೆ ಕೈಸೇರಿದ ಎರಡು ತಿಂಗಳೊಳಗೆ ಲಿಖಿತವಾಗಿ ಕೇಳಬೇಕು. ವಯಸ್ಸೇ ಕಾರಣವಿರಬಹುದೆಂಬ ಒಂದು ಸುಳಿವನ್ನು ಕೇಳುವವನು ತೋರಿಸಬೇಕು. ತೋರಿಸಿದರೆ, ಕಾರಣ ಅದಲ್ಲವೆಂದು ಸಾಬೀತು ಮಾಡುವ ಹೊರೆ ಕಂಪನಿಯ ಹೆಗಲಿಗೆ ಹೋಗುತ್ತದೆ. ಇಷ್ಟನ್ನು ತಿಳಿದುಕೊಂಡಿರಿ, ಆದರೆ ಕಾರಿಡಾರಿನಲ್ಲಿ ಯಾರಾದರೂ ಕೇಳಿದರೆ ವಕೀಲರ ಕಡೆ ಕೈ ತೋರಿಸಿ. ಸಲಹೆ ಕೊಡುವ ಹಕ್ಕು ನಮಗಿಲ್ಲ.

ನಾಗಭೂಷಣ ಅವರ ಬಳಿ ಇದ್ದ ಸುಳಿವು ಒಂದೇ, ಫೋನಿಗೆ ಬಂದ ಒಂದು ವಾಯ್ಸ್ ಮೆಸೇಜ್. ಕಳಿಸಿದವನು ಹೊಸ ತಂಡದ ಮುಖ್ಯಸ್ಥ ಪ್ರಜ್ವಲ್, ದಾವಣಗೆರೆಯ ಹುಡುಗ, ಮೂವತ್ತನಾಲ್ಕು ವರ್ಷ. ಯಾರನ್ನು ತೆಗೆದುಕೊಳ್ಳಬೇಕೆಂದು ತೀರ್ಮಾನಿಸಿದವನೂ ಅವನೇ. ಮೆಸೇಜು ಕನ್ನಡದಲ್ಲಿತ್ತು. ಹಾಗಾಗಿ ಕೆಲಸಗಾರರ ಕೋರ್ಟಿನಿಂದ, ಅಂದರೆ ಆರ್ಬೈಟ್ಸ್‌ಗೆರಿಕ್ಟ್‌ನಿಂದ, ನನಗೆ ಕರೆ ಬಂತು. ನಾಗಭೂಷಣ ಜರ್ಮನ್ ಚೆನ್ನಾಗಿಯೇ ಬಲ್ಲವರು. ಪ್ರಜ್ವಲ್‌ಗೆ ಅಂಗಡಿಗೆ, ಆಫೀಸಿಗೆ ಸಾಕಾಗುವಷ್ಟು ಬರುತ್ತಿತ್ತು. ಸಾಕ್ಷಿ ಮಾತ್ರ ಕನ್ನಡದಲ್ಲೇ ಹೇಳುತ್ತೇನೆಂದ.

ಕನ್ನಡ ಸಂಘದ ಯುಗಾದಿ ಊಟದಲ್ಲಿ ಇಬ್ಬರನ್ನೂ ನೋಡಿದ್ದೆ. ಅದನ್ನು ಮೊದಲೇ ನ್ಯಾಯಾಧೀಶೆಗೆ ತಿಳಿಸಿದೆ. ಎರಡೂ ಕಡೆಯ ವಕೀಲರು ಅಡ್ಡಿಯಿಲ್ಲ ಎಂದರು. ನನ್ನನ್ನು ಬಿಟ್ಟರೆ ಇನ್ನೊಬ್ಬ ಕನ್ನಡದ ದುಭಾಷಿಯನ್ನು ಎಲ್ಲಿಂದ ತರುತ್ತಾರೆ? ಸಂಘದಲ್ಲಾಗಲೇ ಗುಸುಗುಸು ಶುರುವಾಗಿತ್ತು. ಕೇಸು ಕಂಪನಿಯ ಮೇಲಿದ್ದರೂ, “ನಮ್ಮ ಹುಡುಗನ್ನೇ ಕೋರ್ಟಿಗೆ ಎಳೆದ್ರಂತೆ” ಎಂದು ನಾಗಭೂಷಣ ಅವರ ಹೆಂಡತಿಯ ಜೊತೆ ಕೆಲವರು ಮಾತು ಬಿಟ್ಟಿದ್ದರು.

ವಿಚಾರಣೆಯ ದಿನ ಕಾರಿಡಾರಿನಲ್ಲಿ ಪ್ರಜ್ವಲ್ ನನ್ನನ್ನು ಕಂಡು ಓಡಿ ಬಂದ.

“ನಮಸ್ಕಾರ ಆಂಟಿ. ನೀವಿದ್ದೀರಲ್ಲ, ಧೈರ್ಯ ಬಂತು. ಸ್ವಲ್ಪ ನೋಡ್ಕೊಂಡು ಹೇಳಿ.”

ನನಗೆ ಯಾರೂ ಇಷ್ಟು ಸಲೀಸಾಗಿ, ಇಷ್ಟು ಪ್ರೀತಿಯಿಂದ ಪ್ರಮಾಣ ಮುರಿಯಲು ಹೇಳಿರಲಿಲ್ಲ.

“ನಾನಿಲ್ಲಿ ಆಂಟಿ ಅಲ್ಲ” ಎಂದೆ. “ನೀವು ಏನು ಹೇಳ್ತೀರೋ ಅದನ್ನ ಹೇಳ್ತೀನಿ, ಅಷ್ಟೇ.”

ಸಂಘದಲ್ಲಿ ‘ನೀನು’ ಎಂದು ಕರೆದು ಹೋಳಿಗೆ ಬಡಿಸಿದ್ದವಳು ‘ನೀವು’ ಎಂದದ್ದು ಕೇಳಿ ಹುಡುಗನ ಮುಖ ಬಾಡಿತು. ನನಗೂ ಸಂಕಟವಾಯಿತು.

ಒಳಗೆ ನಡುವೆ ನ್ಯಾಯಾಧೀಶೆ, ಆಚೀಚೆ ಮಾಲೀಕರ ಕಡೆಯಿಂದೊಬ್ಬರು, ಕೆಲಸಗಾರರ ಕಡೆಯಿಂದೊಬ್ಬರು ಗೌರವ ನ್ಯಾಯಾಧೀಶರು. ಶುರುವಿಗೇ ಕಂಪನಿಯ ವಕೀಲ ಎದ್ದು, ಈ ಮೆಸೇಜು ನಾಗಭೂಷಣ ಅವರಿಗೆ ಕಳಿಸಿದ್ದೇ ಅಲ್ಲ, ಯಾವುದೋ ಗುಂಪಿಗೆ ಕಳಿಸಿದ್ದು ಎಂದ. ಯಂತ್ರಕ್ಕೆ ಕೊಟ್ಟು ತೆಗೆಸಿದ ಅನುವಾದ ಅವನ ಕೈಯಲ್ಲಿತ್ತು. ‘ನೀವು ಹಿರಿಯರು’ ಎಂಬುದನ್ನು ಯಂತ್ರ ‘ನೀವೆಲ್ಲ ವೃದ್ಧರು’ ಎಂದು ಮಾಡಿಟ್ಟಿತ್ತು. ನ್ಯಾಯಾಧೀಶೆ ನನ್ನತ್ತ ನೋಡಿದರು. ನಮ್ಮಲ್ಲಿ ಒಬ್ಬರನ್ನೇ ಗೌರವದಿಂದ ಮಾತಾಡಿಸುವಾಗಲೂ ಬಹುವಚನ ಬಳಸುತ್ತೇವೆ ಎಂದು ವಿವರಿಸಿದೆ. ವಕೀಲ ಕಾಗದ ಮಡಚಿದ.

ಆಮೇಲೆ ಮೆಸೇಜು ಹಾಕಿದರು. ನಾನು ಅದನ್ನು ಕೇಳಿದ್ದು ಅದೇ ಮೊದಲು.

“ನಮಸ್ಕಾರ ಸರ್, ಪ್ರಜ್ವಲ್. ಎಚ್‌ಆರ್ ಇಂದ ಮೇಲ್ ಬಂದಿರುತ್ತೆ, ಬೇಜಾರು ಮಾಡ್ಕೋಬೇಡಿ. ನೀವು ಹಿರಿಯರು ಸರ್. ಇಲ್ಲಿ ಎಲ್ಲಾ ಚಿಕ್ಕ ಹುಡುಗ್ರು, ದಿನಾ ಓಡಾಟ, ಗಲಾಟೆ. ನಿಮ್ಮನ್ನ ಮುಂದೆ ಕೂರಿಸ್ಕೊಂಡು ಕೆಲಸ ಹೇಳೋಕೆ ನನಗೆ ಬಾಯಿ ಬರಲ್ಲ. ನಿಮ್ಮ ಆಶೀರ್ವಾದ ಒಂದಿದ್ರೆ ಸಾಕು ಸರ್.”

ಮೊದಲ ಸಲ ಕೇಳಿದಾಗ ನನಗೆ ಅನ್ನಿಸಿದ್ದು, ಎಂಥ ಸಂಸ್ಕಾರವಂತ ಹುಡುಗ ಎಂದು. ನನ್ನ ಮಗ ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುವವನು. ಅವನ ಬಾಯಲ್ಲಿ ಇಂಥ ನಾಲ್ಕು ಮಾತು ಬಂದಿದ್ದರೆ ಹೆಮ್ಮೆಯಿಂದ ಬೀಗುತ್ತಿದ್ದೆ. ಅನುವಾದಕ್ಕಾಗಿ ಇನ್ನೊಮ್ಮೆ, ವಾಕ್ಯ ವಾಕ್ಯ ನಿಲ್ಲಿಸಿ ಹಾಕಿದರು. ಆಗ ಅದೇ ಮಾತು ಬೇರೆ ಥರ ಕೇಳಿಸಿತು. ಬೈಗುಳ ಒಂದೂ ಇಲ್ಲ, ಒರಟು ಪದ ಒಂದೂ ಇಲ್ಲ, ಆದರೆ ಪ್ರತಿ ವಾಕ್ಯವೂ ಆ ಮನುಷ್ಯನನ್ನು ಬಾಗಿಲ ಹೊರಗೆ ಕಳಿಸುತ್ತಿತ್ತು. ನಾನು ಎಷ್ಟು ಜನಕ್ಕೆ ಇದೇ ಮಾತು ಹೇಳಿ, ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ, ಅವರು ಮಾಡುತ್ತಿದ್ದ ಕೆಲಸ ಕಿತ್ತುಕೊಂಡಿದ್ದೇನೋ.

‘ಹಿರಿಯರು’ ಎಂಬಲ್ಲಿಗೆ ಬಂದು ನಿಂತೆ. ಜರ್ಮನ್‌ನಲ್ಲಿ ವಯಸ್ಸಾದವರಿಗೆ ಒಂದು ಪದ ಇದೆ, ಗೌರವಕ್ಕೆ ಪಾತ್ರರಾದವರಿಗೆ ಬೇರೊಂದು ಪದ ಇದೆ. ಎರಡನ್ನೂ ಒಟ್ಟಿಗೆ ಹೊತ್ತ ಪದ ನನಗೆ ಸಿಗಲಿಲ್ಲ. ವಿವರಣೆಗೆ ಅನುಮತಿ ಕೇಳಿ ಎರಡನ್ನೂ ಮುಂದಿಟ್ಟೆ.

“ಇದು ಗೌರವದ ಮಾತು” ಎಂದ ಕಂಪನಿಯ ವಕೀಲ.

“ಇದು ವಯಸ್ಸಿನ ಮಾತು” ಎಂದರು ನಾಗಭೂಷಣ ಅವರ ವಕೀಲೆ.

“ಯಾವುದು?” ಎಂದು ನ್ಯಾಯಾಧೀಶೆ ನನ್ನನ್ನೇ ಕೇಳಿದರು.

“ಈ ವಾಕ್ಯದಲ್ಲಿ ಬೇರೆ ಮಾಡಲು ಬರುವುದಿಲ್ಲ. ಗೌರವ ಕೊಡುತ್ತಿರುವುದೇ ವಯಸ್ಸಿಗೆ” ಎಂದೆ.

ಅವರು ಕೈಯಲ್ಲಿದ್ದ ರೆಕಾರ್ಡರ್ ಬಾಯಿಗೆ ಹತ್ತಿರ ಹಿಡಿದು ನನ್ನ ಮಾತನ್ನು ಅಕ್ಷರಶಃ ದಾಖಲೆಗೆ ಹೇಳಿದರು. ಚಿಕ್ಕಂದಿನಿಂದ ಆಡುತ್ತಿದ್ದ ಪದವೊಂದು ಹಾಗೆ ಯಂತ್ರದೊಳಗೆ ಹೋಗುವುದನ್ನು ಕೇಳಿ ವಿಚಿತ್ರ ಭಯವಾಯಿತು.

ಪ್ರಜ್ವಲ್‌ನನ್ನು ಸಾಕ್ಷಿಗೆ ಕರೆದರು. ಅವನು ಸುಳ್ಳು ಹೇಳಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

“ನಾಗಭೂಷಣ ಸರ್ ನನಗೆ ತಂದೆ ಸಮಾನ” ಎಂದ. “ನಾನು ಬಂದ ಹೊಸದ್ರಲ್ಲಿ ಮನೆ ಸಿಗೋವರೆಗೂ ಅವರ ಮನೇಲೇ ಇದ್ದೆ. ಅಮ್ಮಾವ್ರು ಮಗನ ಥರ ನೋಡ್ಕೊಂಡ್ರು. ಅಂಥವರ ಹತ್ರ ಹೋಗಿ, ಇದು ತಪ್ಪಾಗಿದೆ, ಇನ್ನೊಂದ್ಸಲ ಮಾಡಿ ಅಂತ ನಾನು ಹೆಂಗೆ ಹೇಳ್ಲಿ?”

ನಾಗಭೂಷಣ ನನಗೆ ತಂದೆ ಸಮಾನ ಎಂದು ನಾನೂ ಜರ್ಮನ್‌ನಲ್ಲಿ ಹೇಳಿದೆ. ಅವರು ನನಗಿಂತ ಚಿಕ್ಕವರು. ಯಾರೂ ನಗಲಿಲ್ಲ. ಗೌರವ ನ್ಯಾಯಾಧೀಶೆಯೊಬ್ಬರು ಮೆಲ್ಲಗೆ ತಲೆದೂಗಿದರು, ಕಂಪನಿಯ ವಕೀಲ ಗೆಲುವಾದ. ನಾಗಭೂಷಣ ಮಾತ್ರ ಮೇಜು ನೋಡುತ್ತಿದ್ದರು.

“ಆ ಕೆಲಸ ಮಾಡಲು ಅವರಿಗೆ ಬರುತ್ತಿತ್ತೇ?” ಎಂದು ನ್ಯಾಯಾಧೀಶೆ ಕೇಳಿದರು.

“ಬರೋದೇನು, ನಮ್ಮ ಟೀಮಲ್ಲಿ ಅವರಷ್ಟು ತಿಳಿದಿರೋರು ಒಬ್ರೂ ಇಲ್ಲ” ಎಂದ ಪ್ರಜ್ವಲ್. ಹೊಗಳಿ ತನ್ನ ಕಡೆಗೆ ಒಳ್ಳೆಯದೇ ಮಾಡುತ್ತಿದ್ದೇನೆ ಎಂಬ ಭಾವ ಅವನ ಮುಖದಲ್ಲಿತ್ತು. ನಾನು ಅನುವಾದಿಸುತ್ತಿದ್ದಂತೆ ವಕೀಲನ ಗೆಲುವು ಇಳಿಯಿತು.

ನ್ಯಾಯಾಧೀಶೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಲವತ್ತರ ಆಸುಪಾಸಿನ ಹೆಂಗಸು, ಅಲ್ಲಿಯವರೆಗೆ ದನಿ ಏರಿಸಿರಲಿಲ್ಲ, ಆಗಲೂ ಏರಿಸಲಿಲ್ಲ.

“ಇದೇ ಕೆಲಸಕ್ಕೆ ಮೂವತ್ತು ವರ್ಷದವರೊಬ್ಬರು ಅರ್ಜಿ ಹಾಕಿದ್ದರೆ, ಅವರಿಗೂ ಈ ಮಾತುಗಳನ್ನು ಹೇಳುತ್ತಿದ್ದಿರಾ? ನೀವಿಲ್ಲಿ ಕೆಲಸ ಮಾಡುವುದು ಬೇಡ, ನಿಮ್ಮ ಆಶೀರ್ವಾದ ಸಾಕು ಎಂದು?”

ನಾನು ಕನ್ನಡದಲ್ಲಿ ಕೇಳಿದೆ. ಪ್ರಜ್ವಲ್ ನ್ಯಾಯಾಧೀಶೆಯ ಕಡೆ ನೋಡಲೇ ಇಲ್ಲ. ನನ್ನ ಕಡೆಗೇ ತಿರುಗಿ, ಮನೆಯ ಹಜಾರದಲ್ಲಿ ಕೂತವನ ಹಾಗೆ ಹೇಳಿದ.

“ಛೆ ಛೆ, ಮೂವತ್ತು ವರ್ಷದವ್ರಿಗೆ ಹಂಗೆ ಹೇಳಕ್ಕಾಗುತ್ತಾ? ಅವಮಾನ ಮಾಡ್ದಂಗೆ ಆಗಲ್ವಾ?”

ನಾನು ಅನುವಾದಿಸುವ ಬದಲು ನೀರಿನ ಲೋಟಕ್ಕೆ ಕೈ ಚಾಚಿದೆ. ಅಷ್ಟು ವರ್ಷದ ಕೆಲಸದಲ್ಲಿ ಹಾಗಾದದ್ದು ಅದೊಂದೇ ಸಲ. ಆ ಮಾತಿಗೆ ಎರಡರ್ಥ ಇರಲಿಲ್ಲ, ಹುಡುಕಿದರೂ ಸಿಗುತ್ತಿರಲಿಲ್ಲ. ಮೂವತ್ತರವನಿಗೆ ಹೇಳಿದರೆ ಅವಮಾನವಾಗುವ ಮಾತನ್ನು ಐವತ್ತೆಂಟರವರಿಗೆ ಹೇಳಿ, ಅದನ್ನು ಮರ್ಯಾದೆ ಎಂದು ಅವನು ನಂಬಿದ್ದ. ಅವನ ಪಕ್ಕದಲ್ಲಿ ಕೂತಿದ್ದ ನಾನೂ ಆವತ್ತಿನವರೆಗೆ ಹಾಗೆಯೇ ನಂಬಿದ್ದೆ.

ನೀರು ಕುಡಿದು ಅನುವಾದಿಸಿದೆ. ‘ಛೆ ಛೆ’ಯನ್ನೂ ಬಿಡಲಿಲ್ಲ. ನ್ಯಾಯಾಧೀಶೆ ರೆಕಾರ್ಡರ್ ಎತ್ತಿಕೊಂಡರು. ಎಲ್ಲರ ಮುಖ ನೋಡಿದ ಪ್ರಜ್ವಲ್‌ಗೆ ಗಾಬರಿಯಾಯಿತು.

“ಏನಾಯ್ತು ಆಂಟಿ?” ಎಂದ.

ಸಾಕ್ಷಿ ಹೇಳಿದ್ದೆಲ್ಲವನ್ನೂ ಅನುವಾದಿಸಬೇಕು, ಅದು ನಿಯಮ. ಅದನ್ನೂ ಅನುವಾದಿಸಿದೆ. ನನ್ನ ಬಾಯಿಂದಲೇ, ನನ್ನನ್ನೇ ಆಂಟಿ ಎಂದು ಕರೆದು, ಏನಾಯಿತೆಂದು ಕೇಳಿದೆ. ಆ ಹುಡುಗನಿಗೆ ಉತ್ತರ ಹೇಳುವ ಅಧಿಕಾರ ಮಾತ್ರ ನನಗಿರಲಿಲ್ಲ. ಅಷ್ಟು ನಿಸ್ಸಹಾಯಕಳಾಗಿ ನಾನು ಯಾವ ಕುರ್ಚಿಯಲ್ಲೂ ಕೂತಿದ್ದಿಲ್ಲ.

ಬಿಡುವಿನ ನಂತರ ತೀರ್ಪು ಬಂತು. ವಯಸ್ಸಿನ ಕಾರಣಕ್ಕೇ ನಿರಾಕರಿಸಿದ್ದಾರೆ, ಕಂಪನಿ ಪರಿಹಾರ ಕೊಡಬೇಕು ಎಂದರು. ಗೌರವದ ಉದ್ದೇಶ ಇದ್ದಿರಬಹುದು, ಆದರೆ ಕೆಲಸ ಕೊಡದಿರಲು ಅದು ಕಾರಣವಾಗದು ಎಂದರು. ವಕೀಲೆ ನಾಗಭೂಷಣ ಅವರ ತೋಳು ಒತ್ತಿದರು. ಅವರು ಎದ್ದು ನಿಂತು ಜರ್ಮನ್‌ನಲ್ಲಿ ಒಂದೇ ಪ್ರಶ್ನೆ ಕೇಳಿದರು.

“ಮತ್ತೆ, ಆ ಜಾಗ?”

“ಅದನ್ನು ಕೊಡಿಸುವ ಅಧಿಕಾರ ಕಾನೂನು ನನಗೆ ಕೊಟ್ಟಿಲ್ಲ” ಎಂದರು ನ್ಯಾಯಾಧೀಶೆ.

ಆ ನಿಯಮ ನನಗೆ ಮೊದಲೇ ಗೊತ್ತಿತ್ತು. ವಕೀಲೆ ಅವರಿಗೂ ಹೇಳಿಯೇ ಇದ್ದಿರಬೇಕು. ಆದರೂ ಗೆದ್ದ ಮನುಷ್ಯನ ಮುಖ ಹಾಗೆ ಕಳೆಗುಂದುವುದನ್ನು ನೋಡಿ ದಂಗಾದೆ. ಇಲ್ಲಿ ಅವಮಾನಕ್ಕೆ ಪರಿಹಾರ ಸಿಗುತ್ತದೆ, ಕುರ್ಚಿ ಸಿಗುವುದಿಲ್ಲ. ನಿಮ್ಮೆದುರಿನ ಕಕ್ಷಿದಾರರೂ ಎಂದಾದರೂ ಆ ಪ್ರಶ್ನೆ ಕೇಳುತ್ತಾರೆ, ಕೇಳುವಾಗ ಅವರ ಮುಖ ನೋಡದಿರಲು ಪ್ರಯತ್ನಿಸಿ. ನಾಗಭೂಷಣ ಆ ಕಂಪನಿಯಲ್ಲಿ ಉಳಿಯಲಿಲ್ಲ. ತಿಂಗಳುಗಟ್ಟಲೆ ಅಲೆದು, ಈಗ ಊರಾಚೆಯ ಚಿಕ್ಕ ಕಂಪನಿಯೊಂದಕ್ಕೆ ಎಸ್-ಬಾನ್ ರೈಲು ಹಿಡಿದು ಹೋಗಿ ಬರುತ್ತಾರೆ.

ಆ ದಿನ ನಾನು ಸಹಿ ಹಾಕಿ ಹೊರಗೆ ಬಂದಾಗ ಪ್ರಜ್ವಲ್ ಕಾರಿಡಾರಿನಲ್ಲಿ ಇನ್ನೂ ನಿಂತಿದ್ದ. ಅವನನ್ನು ಯಾವಾಗಲೋ ಕಳಿಸಿಕೊಟ್ಟಿದ್ದರು, ಹೋಗಿರಲಿಲ್ಲ. ತೀರ್ಪು ಏನಾಯಿತೆಂದು ಅವನಿಗೂ ಗೊತ್ತಾಗಿತ್ತು. ಕಣ್ಣು ಕೆಂಪಾಗಿತ್ತು. ನಾಗಭೂಷಣ ಬಾಗಿಲು ದಾಟಿ ಬರುತ್ತಿದ್ದಂತೆ ಅವನು ನೇರವಾಗಿ ಬಂದು, ವಕೀಲರು, ಜವಾನರು, ಬೇರೆ ಕೇಸಿಗೆ ಕಾಯುತ್ತಿದ್ದವರೆಲ್ಲ ನೋಡುತ್ತಿರುವಾಗಲೇ ಅವರ ಕಾಲಿಗೆ ಬಗ್ಗಿದ.

ನಾಗಭೂಷಣ ಥಟ್ಟನೆ ಹಿಂದೆ ಸರಿದರು. ಬೆಂಕಿ ತಾಕಿದವರಂತೆ ಸರಿದರು, ನಾನು ಬೆಚ್ಚಿಬಿದ್ದೆ.

“ಕಾಲು ಬೇಡಪ್ಪ” ಎಂದರು.

“ತಪ್ಪಾಯ್ತು ಸರ್. ನನಗೆ ಗೊತ್ತಾಗ್ಲಿಲ್ಲ.”

“ಏಳು ಮೇಲೆ. ಆಫೀಸಲ್ಲಿ ಬೆಳಿಗ್ಗೆ ಬಂದು ಎಲ್ರಿಗೂ ಕೈ ಕೊಡ್ತಿದ್ದೆ ನೀನು. ನನಗಿಂತ ದೊಡ್ಡವನು ಆ ಮುಲ್ಲರ್, ಅವನಿಗೂ ಕೊಡ್ತಿದ್ದೆ. ನನಗೊಬ್ಬನಿಗೆ ಕೈ ಮುಗಿದು ಹೋಗ್ತಿದ್ದೆ.”

ಪ್ರಜ್ವಲ್ ಅರ್ಧ ಬಗ್ಗಿದಲ್ಲೇ ಇದ್ದ. ಕಂಪನಿಯ ವಕೀಲ ನನ್ನತ್ತ ನೋಡಿ ಹುಬ್ಬೇರಿಸಿದ. ನನ್ನ ಕೆಲಸ ಮುಗಿದಿತ್ತು, ನಾನು ಅನುವಾದಿಸಲಿಲ್ಲ.

“ಒಂದ್ಸಲ ಕೈ ಕೊಟ್ಟಾಯ್ತಲ್ಲ” ಎಂದರು ನಾಗಭೂಷಣ. “ಈಗ ಸರಿಯಾಗಿ ಕೊಡು.”

ಹುಡುಗ ನೆಟ್ಟಗೆ ನಿಂತು, ಹೇಗೆ ಕೊಡುವುದೆಂದು ತಿಳಿಯದವನ ಹಾಗೆ ಮೊದಲು ಎರಡೂ ಕೈ ಎತ್ತಿದ, ಆಮೇಲೆ ಒಂದನ್ನು ಕೆಳಗಿಳಿಸಿ ಬಲಗೈ ಚಾಚಿದ. ನಾಗಭೂಷಣ ಅದನ್ನು ಹಿಡಿದು ಗಟ್ಟಿಯಾಗಿ ಒಮ್ಮೆ ಕುಲುಕಿ ಬಿಟ್ಟರು.